ಫೌಂಡ್ ಪೊಯೆಟ್ರಿ

ಫೌಂಡ್ ಪೊಯೆಟ್ರಿ ಎಂಬುದು ಕವಿತೆಯೆಂದು ಬರೆಯದ ಬರಹವೊಂದರಿಂದ ಪದಗಳನ್ನು, ಪದಪುಂಜಗಳನ್ನು ಅಥವಾ ಇಡೀ ವಾಕ್ಯಗಳನ್ನು ಆಯ್ದು ಅವನ್ನು ಕವಿತೆಯಾಗಿ ಮರುಜೋಡಿಸುವ ರಚನಾಕ್ರಮವಾಗಿದೆ. ಕನ್ನಡದಲ್ಲಿ ಇದನ್ನು ‘ದೊರೆತ ಕಾವ್ಯ’ ಎನ್ನಬಹುದು. ದಿನಪತ್ರಿಕೆಯ ಸುದ್ದಿ, ಜಾಹೀರಾತು, ಸರ್ಕಾರಿ ಪ್ರಕಟಣೆ, ನ್ಯಾಯಾಲಯದ ದಾಖಲೆ, ಪಠ್ಯಪುಸ್ತಕ, ಪತ್ರ, ಅಂಗಡಿಯ ರಸೀದಿ ಮೊದಲಾದ ದಿನಬಳಕೆಯ ಬರಹಗಳು ಇದರ ಸಾಮಾನ್ಯ ಆಕರಗಳು. ಕವಿಯು ಹೊಸ ಪದಗಳನ್ನು ಸೇರಿಸುವುದು ಅಪರೂಪ. ಯಾವುದನ್ನು ಆಯ್ದುಕೊಳ್ಳಬೇಕು, ಯಾವುದನ್ನು ಬಿಡಬೇಕು, ಸಾಲನ್ನು ಎಲ್ಲಿ ಮುರಿಯಬೇಕು, ಯಾವ ಶೀರ್ಷಿಕೆ ಕೊಡಬೇಕು ಎಂಬ ನಿರ್ಧಾರಗಳೇ ಇಲ್ಲಿ ಕವಿಕರ್ಮ. ಕೆಲವು ವಿಧಾನಗಳಲ್ಲಿ ಈ ನಿರ್ಧಾರಗಳಲ್ಲಿ ಒಂದು ಭಾಗವನ್ನು ಚೀಟಿ ಎತ್ತುವುದು, ನಾಣ್ಯ ಚಿಮ್ಮುವುದು ಮುಂತಾದ ಆಕಸ್ಮಿಕ ಕ್ರಿಯೆಗಳಿಗೆ ವಹಿಸಲಾಗುತ್ತದೆ.

ಪೂರ್ವರೂಪಗಳು

ಅನ್ಯರ ಬರಹದಿಂದ ಪದ್ಯ ಕಟ್ಟುವ ಪದ್ಧತಿ ಪ್ರಾಚೀನವಾದುದು. ಲ್ಯಾಟಿನ್ ಸಾಹಿತ್ಯದಲ್ಲಿ ವರ್ಜಿಲ್ ಕವಿಯ ಸಾಲುಗಳನ್ನೂ ಅರೆಸಾಲುಗಳನ್ನೂ ಆಯ್ದು ಬೇರೊಂದು ವಸ್ತುವಿನ ಮೇಲೆ ಪದ್ಯ ರಚಿಸುವ ‘ಸೆಂಟೋ’ ಎಂಬ ಪ್ರಕಾರವಿತ್ತು. 4ನೆಯ ಶತಮಾನದಲ್ಲಿ ಆಸೋನಿಯಸ್ ಈ ರೀತಿಯಲ್ಲಿ ಮದುವೆಯ ಪದ್ಯವೊಂದನ್ನು ರಚಿಸಿದನು; ಪ್ರೋಬಾ ಎಂಬ ಕವಯಿತ್ರಿ ವರ್ಜಿಲ್‌ನ ಪದಗಳಿಂದಲೇ ಬೈಬಲ್ಲಿನ ಕಥನವನ್ನು ನಿರೂಪಿಸಿದಳು. ಆದರೆ ಸೆಂಟೋವಿನ ಆಕರವೂ ಕಾವ್ಯವೇ ಆಗಿತ್ತು.

ಗದ್ಯದಲ್ಲಿ ಪದ್ಯ ಅಡಗಿರಬಹುದೆಂಬುದಕ್ಕೆ ಪ್ರಸಿದ್ಧ ನಿದರ್ಶನವೊಂದು ಕೇಂಬ್ರಿಡ್ಜ್‌ನ ವಿದ್ವಾಂಸ ವಿಲಿಯಂ ಹ್ಯೂಯೆಲ್ 1819ರಲ್ಲಿ ಪ್ರಕಟಿಸಿದ ಬಲವಿಜ್ಞಾನದ ಪಠ್ಯಪುಸ್ತಕದಲ್ಲಿದೆ. ಎಳೆದು ಕಟ್ಟಿದ ಹಗ್ಗದ ಕುರಿತ ಅದರ ಒಂದು ವಾಕ್ಯವು ಲೇಖಕನ ಅರಿವಿಗೆ ಬಾರದೆಯೇ ಲಯಬದ್ಧವಾಗಿ, ಪ್ರಾಸಸಹಿತವಾಗಿ ಮೂಡಿತ್ತು. ಇದನ್ನು ಇತರರು ಎತ್ತಿ ತೋರಿಸಿದ ಮೇಲೆ ಹ್ಯೂಯೆಲ್ ಆ ವಾಕ್ಯವನ್ನು ಮುಂದಿನ ಆವೃತ್ತಿಯಲ್ಲಿ ಬದಲಾಯಿಸಿದನು. 1936ರಲ್ಲಿ ಡಬ್ಲ್ಯೂ. ಬಿ. ಯೇಟ್ಸ್ ತಾನು ಸಂಪಾದಿಸಿದ ಆಧುನಿಕ ಕವಿತೆಗಳ ಆಕ್ಸ್‌ಫರ್ಡ್ ಸಂಕಲನದ ಮೊದಲ ಕವಿತೆಯಾಗಿ, ಮೋನಾಲಿಸಾ ಚಿತ್ರದ ಬಗ್ಗೆ ವಾಲ್ಟರ್ ಪೇಟರ್ ಬರೆದಿದ್ದ ಗದ್ಯಭಾಗವನ್ನು ಸಾಲುಗಳಾಗಿ ಮುರಿದು ಅಚ್ಚುಹಾಕಿಸಿದನು. ಪದಗಳು ಪೇಟರ್‌ನವು, ಸಾಲುಗಳು ಯೇಟ್ಸ್‌ನವು.

ದಾದಾ ಚಳವಳಿ ಮತ್ತು ಆಕಸ್ಮಿಕ

ಮೊದಲನೆಯ ಮಹಾಯುದ್ಧದ ನಡುವೆ, 1916ರಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ದಾದಾ ಚಳವಳಿ ಆರಂಭವಾಯಿತು. ಯುದ್ಧವನ್ನು ಸಮರ್ಥಿಸಲು ಬಳಕೆಯಾಗುತ್ತಿದ್ದ ಭಾಷೆ, ತರ್ಕ ಮತ್ತು ಸಂಸ್ಕೃತಿಗಳ ಮೇಲೆ ಈ ಕಲಾವಿದರಿಗೆ ನಂಬಿಕೆ ಉಳಿದಿರಲಿಲ್ಲ. ರುಮೇನಿಯಾ ಮೂಲದ ಕವಿ ತ್ರಿಸ್ತಾನ್ ತ್ಸಾರಾ 1920ರ ತನ್ನ ಪ್ರಣಾಳಿಕೆಯಲ್ಲಿ ದಾದಾ ಕವಿತೆಯನ್ನು ಮಾಡುವ ವಿಧಾನವನ್ನು ವಿವರಿಸಿದನು. ಬೇಕಾದಷ್ಟು ಉದ್ದದ ಪತ್ರಿಕಾ ಲೇಖನವೊಂದನ್ನು ಆರಿಸಿ, ಅದರ ಒಂದೊಂದು ಪದವನ್ನೂ ಕತ್ತರಿಸಿ ಚೀಲಕ್ಕೆ ಹಾಕಿ ಮೆಲ್ಲಗೆ ಅಲುಗಾಡಿಸಬೇಕು. ಬಳಿಕ ಚೀಟಿಗಳನ್ನು ಒಂದೊಂದಾಗಿ ಹೊರತೆಗೆದು, ಬಂದ ಕ್ರಮದಲ್ಲಿಯೇ ನಕಲು ಮಾಡಬೇಕು. ಇದು ಕವಿಪ್ರತಿಭೆಯ ಕಲ್ಪನೆಯನ್ನು ಅಣಕಿಸುವ ಸೂಚನೆಯೂ ಆಗಿತ್ತು. ಇದೇ ಕಾಲದಲ್ಲಿ ಮಾರ್ಸೆಲ್ ದ್ಯುಶಾಂ ಕಾರ್ಖಾನೆಯಲ್ಲಿ ತಯಾರಾದ ವಸ್ತುಗಳನ್ನು ‘ರೆಡಿಮೇಡ್’ ಎಂಬ ಹೆಸರಿನಲ್ಲಿ ಕಲಾಕೃತಿಗಳೆಂದು ಮುಂದಿಟ್ಟನು. 1917ರ ‘ಫೌಂಟನ್’ ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಫೌಂಡ್ ಪೊಯೆಟ್ರಿಯನ್ನು ರೆಡಿಮೇಡ್ ಕಲೆಯ ಭಾಷಿಕ ರೂಪವೆಂದು ಪರಿಗಣಿಸುವುದುಂಟು.

ಬ್ಲೇಸ್ ಸಾಂದ್ರಾರ್ 1924ರಲ್ಲಿ ಪ್ರಕಟಿಸಿದ ‘ಕೊಡಾಕ್’ ಸಂಕಲನದ ಹೆಚ್ಚಿನ ಕವಿತೆಗಳು ಗುಸ್ತಾವ್ ಲ ರೂಜ್ ಎಂಬ ಜನಪ್ರಿಯ ಕಾದಂಬರಿಕಾರನ ಗದ್ಯದಿಂದ ಕತ್ತರಿಸಿ ಜೋಡಿಸಿದವು. ಲ ರೂಜ್ ಕೂಡ ಕವಿಯೇ ಎಂದು ಆತನಿಗೇ ತೋರಿಸಿಕೊಡಲು ಹೀಗೆ ಮಾಡಿದೆನೆಂದು ಸಾಂದ್ರಾರ್ ಅನೇಕ ವರ್ಷಗಳ ನಂತರ ಬಹಿರಂಗಪಡಿಸಿದನು.

1959ರಲ್ಲಿ ಪ್ಯಾರಿಸ್‌ನಲ್ಲಿ ಚಿತ್ರಕಾರ ಬ್ರಯಾನ್ ಗೈಸಿನ್ ಚಿತ್ರಗಳಿಗೆ ಚೌಕಟ್ಟಿನ ರಟ್ಟನ್ನು ಕತ್ತರಿಸುತ್ತಿದ್ದಾಗ ಕೆಳಗೆ ಹಾಸಿದ್ದ ದಿನಪತ್ರಿಕೆಗಳೂ ತುಂಡಾದವು. ಆ ತುಂಡುಗಳು ಅಕ್ಕಪಕ್ಕದಲ್ಲಿ ಬಿದ್ದಾಗ ಮೂಡಿದ ವಾಕ್ಯಗಳು ಅವನ ಗಮನ ಸೆಳೆದವು. ಅಮೆರಿಕದ ಲೇಖಕ ವಿಲಿಯಂ ಬರೋಸ್ ಇದನ್ನು ‘ಕಟ್-ಅಪ್’ ವಿಧಾನವಾಗಿ ಬೆಳೆಸಿದನು. ಇವರಿಬ್ಬರೂ ಸಿಂಕ್ಲೇರ್ ಬೀಲ್ಸ್ ಮತ್ತು ಗ್ರೆಗರಿ ಕೋರ್ಸೋ ಅವರೊಡನೆ ಸೇರಿ 1960ರಲ್ಲಿ ‘ಮಿನಿಟ್ಸ್ ಟು ಗೋ’ ಎಂಬ ಪುಸ್ತಕವನ್ನು ಹೊರತಂದರು. ಸಂಗೀತಕಾರ ಜಾನ್ ಕೇಜ್ ಪ್ರಾಚೀನ ಚೀನೀ ಗ್ರಂಥವಾದ ‘ಐ ಚಿಂಗ್’ನ ನೆರವಿನಿಂದ ಆಕಸ್ಮಿಕವನ್ನು ಸಂಗೀತಕ್ಕೂ ಬರಹಕ್ಕೂ ತಂದನು. ಕವಿ ಜ್ಯಾಕ್ಸನ್ ಮ್ಯಾಕ್ ಲೋ ಆಕರ ಪಠ್ಯದಿಂದ ಪದಗಳನ್ನು ಆರಿಸಿಕೊಡುವ ನಿಯಮಗಳನ್ನು ರೂಪಿಸಿದನು.

1960ರಲ್ಲಿ ರೇಮೋಂ ಕೆನೋ ಮತ್ತು ಫ್ರಾಂಸ್ವಾ ಲ ಲಿಯೋನೆ ಫ್ರಾನ್ಸಿನಲ್ಲಿ ಸ್ಥಾಪಿಸಿದ ‘ಊಲಿಪೋ’ ಗುಂಪು ಆಕಸ್ಮಿಕವನ್ನು ಒಪ್ಪಲಿಲ್ಲ. ಅದು ಕಟ್ಟುನಿಟ್ಟಾದ ನಿಯಮಗಳನ್ನು ಆಶ್ರಯಿಸಿತು. ಪಠ್ಯವೊಂದರ ಪ್ರತಿಯೊಂದು ನಾಮಪದದ ಬದಲಿಗೆ ನಿಘಂಟಿನಲ್ಲಿ ಅದರ ಮುಂದಿನ 7ನೆಯ ನಾಮಪದವನ್ನು ಇರಿಸುವ ‘ಎನ್+7’ ಇಂತಹ ನಿಯಮಗಳಲ್ಲೊಂದು. ಫಲಿತಾಂಶ ಅನಿರೀಕ್ಷಿತವೆನಿಸಿದರೂ, ಒಂದೇ ಪಠ್ಯ ಮತ್ತು ಒಂದೇ ನಿಘಂಟನ್ನು ಬಳಸಿದವರೆಲ್ಲರಿಗೂ ಒಂದೇ ಉತ್ತರ ದೊರೆಯುತ್ತದೆ. ಚೀಟಿ ಎತ್ತುವ ವಿಧಾನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಪ್ರಮುಖ ವಿಧಾನಗಳು

ಸಾಲು ವಿಭಜನೆ: ಆಕರದ ಪದಗಳನ್ನೂ ಅವುಗಳ ಕ್ರಮವನ್ನೂ ಬದಲಿಸದೆ, ಗದ್ಯವನ್ನು ಸಾಲುಗಳಾಗಿ ಮುರಿಯುವುದು. ಕೆನಡಾದ ಜಾನ್ ರಾಬರ್ಟ್ ಕೊಲಂಬೊ 1966ರಲ್ಲಿ ರಾಜಕಾರಣಿ ವಿಲಿಯಂ ಲಯನ್ ಮೆಕೆಂಜಿಯ ಬರಹಗಳಿಂದ ಹೀಗೆ ಕವಿತೆಗಳನ್ನು ಕಟ್ಟಿದನು.

ಅಳಿಸುವಿಕೆ: ಪುಟದಲ್ಲಿ ಬೇಕಾದ ಪದಗಳನ್ನು ಉಳಿಸಿ ಮಿಕ್ಕವನ್ನು ಮಸಿ, ಬಣ್ಣ ಅಥವಾ ಖಾಲಿ ಜಾಗದಿಂದ ಮರೆಮಾಡುವುದು. ಬ್ರಿಟನ್ನಿನ ಟಾಮ್ ಫಿಲಿಪ್ಸ್ 1966ರಲ್ಲಿ 3 ಪೆನ್ಸ್ ಬೆಲೆಗೆ ಕೊಂಡ, 1892ರ ಕಾದಂಬರಿಯೊಂದರ ಪುಟಗಳ ಮೇಲೆ ಚಿತ್ರ ಬರೆಯುತ್ತ ‘ಎ ಹ್ಯೂಮ್ಯುಮೆಂಟ್’ ಎಂಬ ಕೃತಿಯನ್ನು ರೂಪಿಸಿದನು; ಅದರ ಅಂತಿಮ ಆವೃತ್ತಿ 2016ರಲ್ಲಿ ಬಂದಿತು. ರೊನಾಲ್ಡ್ ಜಾನ್ಸನ್‌ನ ‘ರೇಡೈ ಆಸ್’ (1977) ಮಿಲ್ಟನ್‌ನ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದಿಂದ ಪದಗಳನ್ನು ಅಳಿಸಿ ಪಡೆದ ಕವಿತೆ.

ಕತ್ತರಿಸಿ ಅಂಟಿಸುವಿಕೆ: ಮುದ್ರಿತ ಪದಗಳನ್ನು ಕತ್ತರಿಸಿ ಹೊಸ ಕ್ರಮದಲ್ಲಿ ಅಂಟಿಸುವುದು. 2009ರ ನೊಬೆಲ್ ಪುರಸ್ಕೃತ ಲೇಖಕಿ ಹೆರ್ಟಾ ಮ್ಯೂಲರ್ ನಿಯತಕಾಲಿಕಗಳಿಂದ ಕತ್ತರಿಸಿದ ಪದಗಳಿಂದ ಹಲವು ಕವಿತಾ ಸಂಕಲನಗಳನ್ನು ರಚಿಸಿದ್ದಾರೆ.

ಆಕಸ್ಮಿಕ ಆಯ್ಕೆ: ಚೀಟಿ, ದಾಳ, ನಾಣ್ಯ ಅಥವಾ ಗಣಕಯಂತ್ರದ ಯಾದೃಚ್ಛಿಕ ಸಂಖ್ಯೆಗಳಿಂದ ಪದಗಳನ್ನು ನಿರ್ಧರಿಸುವುದು. ಇಲ್ಲಿಯೂ ಆಕರ ಯಾವುದು, ನಿಯಮ ಯಾವುದು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಕವಿಯೇ ತೀರ್ಮಾನಿಸಬೇಕಾಗುತ್ತದೆ.

ಕನ್ನಡದಲ್ಲಿ ಒಂದು ಉದಾಹರಣೆ

ವಿಧಾನವನ್ನು ವಿವರಿಸುವ ಉದ್ದೇಶದಿಂದ ರಚಿಸಿದ, ಗ್ರಂಥಾಲಯದ ಸೂಚನಾಫಲಕದ ಮಾದರಿಯೊಂದು ಹೀಗಿದೆ:

“ಓದುಗರ ಗಮನಕ್ಕೆ: ಎರವಲು ಪಡೆದ ಪುಸ್ತಕವನ್ನು 15 ದಿನಗಳೊಳಗೆ ಹಿಂದಿರುಗಿಸಬೇಕು. ಪುಟಗಳ ಮೇಲೆ ಯಾವುದೇ ಗುರುತು ಮಾಡಬಾರದು. ಕಳೆದುಹೋದ ಪುಸ್ತಕಕ್ಕೆ ಓದುಗರೇ ಹೊಣೆ. ಹೊರಡುವಾಗ ಕುರ್ಚಿಯನ್ನು ಮೊದಲಿದ್ದ ಸ್ಥಳದಲ್ಲಿಯೇ ಇಡಬೇಕು.”

ಪದಗಳ ಕ್ರಮವನ್ನು ಬದಲಿಸದೆ, ಕೆಲವನ್ನು ಅಳಿಸಿದಾಗ ದೊರೆಯುವ ಒಂದು ರೂಪ:

ಎರವಲು ಪಡೆದ
15 ದಿನಗಳೊಳಗೆ
ಯಾವುದೇ ಗುರುತು ಮಾಡಬಾರದು.

ಕಳೆದುಹೋದ
ಓದುಗರೇ,
ಹೊರಡುವಾಗ
ಕುರ್ಚಿಯನ್ನು
ಮೊದಲಿದ್ದ ಸ್ಥಳದಲ್ಲಿಯೇ ಇಡಬೇಕು.

ಇಲ್ಲಿ ಒಂದು ಅಲ್ಪವಿರಾಮದ ಹೊರತು ಹೊಸದಾಗಿ ಏನನ್ನೂ ಸೇರಿಸಿಲ್ಲ. ‘ಎರವಲು ಪಡೆದ’, ‘ಕಳೆದುಹೋದ’ ಎಂಬ ವಿಶೇಷಣಗಳು ಪುಸ್ತಕವನ್ನು ಬಿಟ್ಟು ಕ್ರಮವಾಗಿ ದಿನಗಳಿಗೂ ಓದುಗರಿಗೂ ಅನ್ವಯಿಸಿವೆ. ಫಲಕದಲ್ಲಿ ‘ಓದುಗರೇ’ ಎಂಬುದರ ಏಕಾರವು ಅವಧಾರಣೆಯನ್ನು ಸೂಚಿಸುತ್ತಿತ್ತು. ಮುಂದಿನ ಪದ ಅಳಿದ ಕೂಡಲೇ ಅದು ಸಂಬೋಧನೆಯಾಗಿದೆ. ಹೊಣೆಗಾರಿಕೆಯ ಎಚ್ಚರಿಕೆಯು ಬದುಕಿನಿಂದ ನಿರ್ಗಮಿಸುವ ಕುರಿತ ಮಾತಾಗಿ ಕೇಳಿಸುತ್ತದೆ.

ಭಾಷೆಯ ರಚನೆಯೂ ಫಲಿತಾಂಶದ ಮೇಲೆ ಪ್ರಭಾವ ಬೀರುತ್ತದೆ. ಇಂಗ್ಲಿಷಿನಲ್ಲಿ ಕರ್ತೃ ಮತ್ತು ಕರ್ಮಗಳ ಸಂಬಂಧವನ್ನು ಮುಖ್ಯವಾಗಿ ಪದಗಳ ಕ್ರಮವೇ ತಿಳಿಸುವುದರಿಂದ, ಚೀಲದಲ್ಲಿ ಕಲಕಿದಾಗ ಆ ಸಂಬಂಧ ಕಳಚಿಬೀಳುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟಿಕೊಂಡಿರುತ್ತವೆ. ‘ನಾಯಿ ಮನುಷ್ಯನನ್ನು ಕಚ್ಚಿತು’ ಎಂಬ ವಾಕ್ಯದ 3 ಪದಗಳನ್ನು ಯಾವ ಕ್ರಮದಲ್ಲಿ ಹೊರತೆಗೆದರೂ ಕಚ್ಚಿದ್ದು ಯಾರು, ಕಚ್ಚಿಸಿಕೊಂಡವರು ಯಾರು ಎಂಬುದು ಬದಲಾಗುವುದಿಲ್ಲ. ಬೇರೆ ಬೇರೆ ವಾಕ್ಯಗಳ ಪದಗಳು ಬೆರೆತಾಗ ಮಾತ್ರ ಕರ್ತೃಪದಕ್ಕೂ ಕ್ರಿಯಾಪದಕ್ಕೂ ಲಿಂಗ, ವಚನಗಳ ಹೊಂದಾಣಿಕೆ ತಪ್ಪಬಹುದು. ಪ್ರತ್ಯಯಗಳನ್ನು ಬೇರೆ ಚೀಟಿಗಳಾಗಿ ಕತ್ತರಿಸುವುದೂ ಸುಲಭವಲ್ಲ. ‘ನಾಡಿನಲ್ಲಿ’ ಎಂಬಲ್ಲಿ ‘ಡಿ’ ಎಂಬ ಒಂದೇ ಅಕ್ಷರವು ಪ್ರಕೃತಿಯ ಕೊನೆಯ ವ್ಯಂಜನವನ್ನೂ ಅದರ ಮುಂದೆ ಸೇರಿದ ಸ್ವರವನ್ನೂ ಒಳಗೊಂಡಿದೆ. ಕತ್ತರಿಯು ಅವುಗಳನ್ನು ಬೇರ್ಪಡಿಸಲಾರದು.

ದಾಖಲೆಯಿಂದ ಸಾಕ್ಷ್ಯ

ಆಕಸ್ಮಿಕ ವಿಧಾನಗಳು ಮೂಲ ಬರಹದ ಅರ್ಥವನ್ನು ಕದಡಲು ಬಯಸಿದರೆ, ಮತ್ತೊಂದು ಪರಂಪರೆಯು ಆ ಅರ್ಥವನ್ನು ಸ್ಪಷ್ಟವಾಗಿ ಕೇಳಿಸಲು ಯತ್ನಿಸಿದೆ. ಕಾನೂನು ಓದಿದ್ದ ಅಮೆರಿಕದ ಕವಿ ಚಾರ್ಲ್ಸ್ ರೆಜ್ನಿಕಾಫ್ ‘ಟೆಸ್ಟಿಮೊನಿ’ ಎಂಬ ಕೃತಿಯನ್ನು ಅಮೆರಿಕದ ನ್ಯಾಯಾಲಯಗಳ ದಾಖಲೆಗಳಿಂದಲೂ, ‘ಹೋಲೊಕಾಸ್ಟ್’ (1975) ಕೃತಿಯನ್ನು ನ್ಯೂರೆಂಬರ್ಗ್ ಮತ್ತು ಐಖ್‌ಮನ್ ವಿಚಾರಣೆಗಳ ದಾಖಲೆಗಳಿಂದಲೂ ರಚಿಸಿದನು. ಅವನು ತನ್ನ ವ್ಯಾಖ್ಯಾನವನ್ನು ಸೇರಿಸಲಿಲ್ಲ. ಸಾಕ್ಷಿಗಳ ಮಾತನ್ನು ಸಂಕ್ಷೇಪಿಸಿ ಸಾಲುಗಳಾಗಿಸಿದನು.

1781ರಲ್ಲಿ ‘ಜಾಂಗ್’ ಎಂಬ ಬ್ರಿಟಿಷ್ ಗುಲಾಮ ಸಾಗಣೆಯ ಹಡಗಿನಿಂದ 130ಕ್ಕೂ ಹೆಚ್ಚು ಆಫ್ರಿಕನ್ನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆಯಲಾಯಿತು. ಹಡಗಿನ ಮಾಲೀಕರು ಇದನ್ನು ಸರಕಿನ ನಷ್ಟವೆಂದು ತೋರಿಸಿ ವಿಮೆಯ ಹಣ ಕೇಳಿದರು. 1783ರಲ್ಲಿ ನ್ಯಾಯಾಲಯದ ಮುಂದೆ ಬಂದದ್ದು ಕೊಲೆಯ ಪ್ರಕರಣವಲ್ಲ, ವಿಮೆಯ ವ್ಯಾಜ್ಯ. ಟೊಬೇಗೊದಲ್ಲಿ ಜನಿಸಿದ ಕೆನಡಾದ ಕವಯಿತ್ರಿ, ವಕೀಲೆಯೂ ಆಗಿದ್ದ ಎಂ. ನೋರ್ಬೆಸೆ ಫಿಲಿಪ್ ಆ ವ್ಯಾಜ್ಯದ ಚಿಕ್ಕ ವರದಿಯ ಪದಗಳಿಂದಲೇ ‘ಜಾಂಗ್!’ (2008) ಕಾವ್ಯವನ್ನು ಕಟ್ಟಿದರು. ಪದಗಳು ಪುಟದ ಮೇಲೆ ದೂರದೂರಕ್ಕೆ ಚದುರಿವೆ; ಮುಂದಿನ ಭಾಗಗಳಲ್ಲಿ ಪದಗಳೇ ಒಡೆದುಹೋಗುತ್ತವೆ. ಸತ್ತವರ ಹೆಸರುಗಳನ್ನು ದಾಖಲಿಸದ ವರದಿಯೊಳಗಿಂದಲೇ ಅವರ ಇರವನ್ನು ಹುಡುಕುವುದು ಈ ಕೃತಿಯ ಯತ್ನ.

ಟೀಕೆ ಮತ್ತು ವಿವಾದ

ಫೌಂಡ್ ಪೊಯೆಟ್ರಿಗೂ ಕೃತಿಚೌರ್ಯಕ್ಕೂ ಇರುವ ಗಡಿಯು ಹಲವು ಬಾರಿ ಚರ್ಚೆಗೆ ಒಳಗಾಗಿದೆ. ಸ್ಕಾಟ್ಲೆಂಡಿನ ಕವಿ ಹ್ಯೂ ಮೆಕ್‌ಡಯರ್ಮಿಡ್ 1939ರಲ್ಲಿ ಪ್ರಕಟಿಸಿದ ‘ಪರ್ಫೆಕ್ಟ್’ ಎಂಬ ಕವಿತೆಯ ಬಹುಪಾಲು ಪದಗಳು ವೇಲ್ಸ್‌ನ ಲೇಖಕ ಗ್ಲಿನ್ ಜೋನ್ಸ್‌ನ ಕಥೆಯೊಂದರಿಂದ ಬಂದಿದ್ದವು. ಇದು 1965ರಲ್ಲಿ ಬೆಳಕಿಗೆ ಬಂದು ಲಂಡನ್ನಿನ ‘ಟೈಮ್ಸ್ ಲಿಟರರಿ ಸಪ್ಲಿಮೆಂಟ್’ ಪತ್ರಿಕೆಯಲ್ಲಿ ದೀರ್ಘ ಪತ್ರವ್ಯವಹಾರಕ್ಕೆ ಕಾರಣವಾಯಿತು. ಸಾಲು ಮುರಿದದ್ದರಿಂದ ಅದು ಹೊಸ ಕವಿತೆಯಾಯಿತೆಂದು ಕೆಲವರು ವಾದಿಸಿದರೆ, ಮೂಲವನ್ನು ಹೇಳದಿದ್ದುದೇ ತಪ್ಪೆಂದು ಇತರರು ಆಕ್ಷೇಪಿಸಿದರು. ಆಕರವನ್ನು ಶೀರ್ಷಿಕೆಯಲ್ಲಿ ಅಥವಾ ಟಿಪ್ಪಣಿಯಲ್ಲಿ ತಿಳಿಸುವುದು ಇಂದು ಸಾಮಾನ್ಯ ಶಿಷ್ಟಾಚಾರವಾಗಿದೆ.

ಇನ್ನೊಂದು ಪ್ರಶ್ನೆ ನೈತಿಕವಾದುದು. ಅಮೆರಿಕದ ಕೆನೆತ್ ಗೋಲ್ಡ್‌ಸ್ಮಿತ್ 2000ದ ಸೆಪ್ಟೆಂಬರ್ 1ರ ‘ನ್ಯೂಯಾರ್ಕ್ ಟೈಮ್ಸ್’ ಸಂಚಿಕೆಯನ್ನು ಮರುಬೆರಳಚ್ಚು ಮಾಡಿ ‘ಡೇ’ (2003) ಎಂಬ ಪುಸ್ತಕವನ್ನಾಗಿ ಪ್ರಕಟಿಸಿದ್ದನು. 2015ರ ಮಾರ್ಚ್‌ನಲ್ಲಿ ಅವನು, ಹಿಂದಿನ ವರ್ಷ ಫರ್ಗ್ಯುಸನ್ ನಗರದಲ್ಲಿ ಪೊಲೀಸರ ಗುಂಡಿಗೆ ಬಲಿಯಾಗಿದ್ದ 18 ವರ್ಷದ ಕಪ್ಪು ಯುವಕ ಮೈಕೆಲ್ ಬ್ರೌನ್‌ನ ಮರಣೋತ್ತರ ಪರೀಕ್ಷೆಯ ವರದಿಯನ್ನು ಮಾರ್ಪಡಿಸಿ ಕವಿತೆಯಾಗಿ ಓದಿದಾಗ ತೀವ್ರ ವಿರೋಧ ವ್ಯಕ್ತವಾಯಿತು. ಸಾರ್ವಜನಿಕ ದಾಖಲೆಯಾದ ಮಾತ್ರಕ್ಕೆ ಮೃತನ ದೇಹದ ವಿವರಗಳು ಯಾರ ಕಾವ್ಯಕ್ಕಾದರೂ ಸಾಮಗ್ರಿಯಾಗಬಹುದೇ ಎಂಬುದು ಟೀಕಾಕಾರರ ಪ್ರಶ್ನೆಯಾಗಿತ್ತು. ರೆಜ್ನಿಕಾಫ್, ಫಿಲಿಪ್ ಮತ್ತು ಗೋಲ್ಡ್‌ಸ್ಮಿತ್ ಮೂವರೂ ಸಾವಿನ ಅಧಿಕೃತ ದಾಖಲೆಗಳನ್ನೇ ಬಳಸಿದ್ದರಿಂದ, ಭೇದವಿರುವುದು ಕೇವಲ ವಿಧಾನದಲ್ಲಲ್ಲ. ಯಾರ ಮಾತನ್ನು, ಯಾರು, ಯಾವ ಉದ್ದೇಶಕ್ಕಾಗಿ ಎತ್ತಿಕೊಂಡರು ಎಂಬುದರಲ್ಲಿದೆ.

ಹಕ್ಕುಸ್ವಾಮ್ಯ

ಭಾರತದಲ್ಲಿ 1957ರ ಹಕ್ಕುಸ್ವಾಮ್ಯ ಅಧಿನಿಯಮದ ಪ್ರಕಾರ ಸಾಹಿತ್ಯ ಕೃತಿಯ ಹಕ್ಕು ಸಾಮಾನ್ಯವಾಗಿ ಲೇಖಕರ ಮರಣಾನಂತರ 60 ವರ್ಷಗಳವರೆಗೆ ಇರುತ್ತದೆ. ನ್ಯಾಯಾಲಯವು ನಿಷೇಧಿಸದಿದ್ದರೆ ತೀರ್ಪುಗಳನ್ನು ಮರುಮುದ್ರಿಸಲು ಇದೇ ಅಧಿನಿಯಮದ 52ನೆಯ ಪ್ರಕರಣವು ಅವಕಾಶ ನೀಡುತ್ತದೆ. ಹಕ್ಕುಸ್ವಾಮ್ಯದ ಅವಧಿ ಮುಗಿದ ಪುಸ್ತಕಗಳು ಮತ್ತು ತೀರ್ಪುಗಳು ಈ ಕಾರಣದಿಂದ ಅನುಕೂಲಕರ ಆಕರಗಳಾಗಿವೆ. ಖಾಸಗಿ ಪತ್ರ ಅಥವಾ ಸಂದೇಶಗಳನ್ನು ಬಳಸುವಾಗ ಬರೆದವರ ಒಪ್ಪಿಗೆ ಪಡೆಯುವುದು ಅಗತ್ಯ.