ವೈಟ್‌ಫೀಲ್ಡಿನ ಒಳವೃತ್ತ

ಬೆಂಗಳೂರಿನಿಂದ ಮೂಡಣ ದಿಕ್ಕಿಗೆ ಹೊರಡುವ ನೇರಳೆ ಮಾರ್ಗದ ಮೆಟ್ರೋ ಗಾಡಿಯು ಕೃಷ್ಣರಾಜಪುರವನ್ನು ಹಾದು, ಗಾಜು ಹೊದ್ದ ಕಛೇರಿಗಳ ಸಾಲುಗಳ ನಡುವೆ ಸಾಗಿ, ಕಾಡುಗೋಡಿಯ ಕೊನೆಯ ನಿಲ್ದಾಣವನ್ನು ಮುಟ್ಟುವುದಕ್ಕೆ ತುಸು ಮೊದಲು ಹೋಪ್ ಫಾರ್ಮ್ ಎಂಬ ಕೂಡುರಸ್ತೆಯ ಬಳಿ ನಿಲ್ಲುತ್ತದೆ. ಅಲ್ಲಿ ಇಳಿದು ತೆಂಕಣಕ್ಕೆ ತಿರುಗಿ, ಬಸ್ಸುಗಳ, ನೀರಿನ ಟ್ಯಾಂಕರುಗಳ, ಜಲ್ಲಿ ತುಂಬಿದ ಲಾರಿಗಳ ಧೂಳನ್ನು ಸಹಿಸಿಕೊಂಡು ಕೆಲವು ನಿಮಿಷ ನಡೆದು, ಬಳಿಕ ದೊಡ್ಡ ರಸ್ತೆಯನ್ನು ಬಿಟ್ಟು ಒಳಹೊಕ್ಕರೆ, ಕಾಲ ಕೆಳಗಿನ ದಾರಿ ಮೆಲ್ಲಮೆಲ್ಲನೆ ಬಾಗತೊಡಗುತ್ತದೆ. ನೇರವಾಗಿ ಹೋಗುತ್ತಿದ್ದೇನೆಂದು ತಿಳಿದ ಪಾದಚಾರಿ ಸ್ವಲ್ಪ ಹೊತ್ತಿನಲ್ಲಿಯೇ ತಾನು ಹೊರಟ ಸ್ಥಳಕ್ಕೆ ಮರಳಿ ಬಂದಿರುತ್ತಾನೆ. ಇದನ್ನು ಇನ್ನರ್ ಸರ್ಕಲ್ ಎಂದು ಕರೆಯುತ್ತಾರೆ. ಅದನ್ನು ಬಳಸಿಕೊಂಡು ಹೊರಗೊಂದು ಔಟರ್ ಸರ್ಕಲ್ ಇದೆ. ಹಳೆಯ ಮರಗಳ ನೆರಳಿನಲ್ಲಿ ಹೆಂಚಿನ ಮಾಡಿನ, ಮುಂಭಾಗದಲ್ಲಿ ಮರದ ಜಾಲಂದ್ರವುಳ್ಳ ಕೆಲವು ಮನೆಗಳು ಇನ್ನೂ ನಿಂತಿವೆ. ಅವುಗಳ ಮಗ್ಗುಲಿನಲ್ಲಿಯೇ, ಅಂಥದೇ ಮನೆಯೊಂದನ್ನು ಕೆಡವಿದ ನೆಲದ ಮೇಲೆ, ನಾಲ್ಕೈದು ಅಂತಸ್ತಿನ ಕಟ್ಟಡಗಳು ಬೇಲಿಯ ಅಂಚಿನವರೆಗೂ ಬೆಳೆದು ನಿಂತಿವೆ. ಇಂದು ಲಕ್ಷಾಂತರ ಜನರು ವೈಟ್‌ಫೀಲ್ಡ್ ಎಂದು ಕರೆಯುವ ವಿಸ್ತಾರವಾದ ಪ್ರದೇಶಕ್ಕೆಲ್ಲ ಹೆಸರು ಕೊಟ್ಟ ಮೂಲಗ್ರಾಮ ಇಷ್ಟೇ.

ಹೆಸರನ್ನು ಕೇಳಿದವರು ಬಿಳಿಯರ ಬಯಲೆಂದು ಅರ್ಥ ಮಾಡಿಕೊಳ್ಳುವುದುಂಟು. ವಾಸ್ತವದಲ್ಲಿ ಅದು ಡಿ. ಎಸ್. ವೈಟ್ ಎಂಬವರ ಹೆಸರು. ತಂದೆಯ ಕಡೆಯಿಂದ ಯೂರೋಪಿನ ರಕ್ತವನ್ನೂ ತಾಯಿಯ ಕಡೆಯಿಂದ ಈ ನಾಡಿನ ರಕ್ತವನ್ನೂ ಪಡೆದು, ಆಳುವವರ ಪಂಕ್ತಿಯಲ್ಲಿಯೂ ಆಳಿಸಿಕೊಳ್ಳುವವರ ಪಂಕ್ತಿಯಲ್ಲಿಯೂ ಸ್ಥಾನವಿಲ್ಲದೆ ನಡುವೆ ನಿಂತಿದ್ದ, ಆಗ ಯೂರೇಷಿಯನ್ನರೆಂದೂ 1911ರಿಂದ ಈಚೆಗೆ ಅಧಿಕೃತವಾಗಿ ಆಂಗ್ಲೋ ಇಂಡಿಯನ್ನರೆಂದೂ ಕರೆಸಿಕೊಂಡ ಜನರಿಗೆ ಒಂದು ಸಂಘವನ್ನು ಮದರಾಸಿನಲ್ಲಿ ಕಟ್ಟಿದವರು ಅವರು. ಸರ್ಕಾರದ ಕೆಳದರ್ಜೆಯ ನೌಕರಿಯನ್ನೇ ನಂಬಿ ಬದುಕುವ ಸಮುದಾಯಕ್ಕೆ ಸ್ವಂತ ನೆಲವೂ ಸ್ವಂತ ಕೃಷಿಯೂ ಇದ್ದ ಹೊರತು ಸ್ವಾಭಿಮಾನ ಉಳಿಯದೆಂಬುದು ಅಂದಿನ ಆ ಸಮುದಾಯದ ಮುಖಂಡರ ವಿಚಾರ. ಐವತ್ತು ವರ್ಷಗಳ ಕಮಿಷನರುಗಳ ಆಳ್ವಿಕೆ ಮುಗಿದು 1881ರಲ್ಲಿ ಮೈಸೂರು ಸಂಸ್ಥಾನವು ತನ್ನ ರಾಜವಂಶಕ್ಕೆ ಮರಳಿತಷ್ಟೆ. ರಂಗಾಚಾರ್ಲು ಅವರು ದಿವಾನರಾಗಿದ್ದ ಆ ಮರುವರ್ಷ, 1882ರಲ್ಲಿ, ಹರೆಯದ ಮಹಾರಾಜ ಚಾಮರಾಜೇಂದ್ರ ಒಡೆಯರು ಮೈಸೂರು ಮತ್ತು ಕೊಡಗಿನ ಯೂರೇಷಿಯನ್ ಸಂಘಕ್ಕೆ ವ್ಯವಸಾಯದ ವಸಾಹತಿಗಾಗಿ ಸುಮಾರು 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಅನ್ಯರೆಂದು ಎಣಿಸದೆ, ನೆಲೆಯಿಲ್ಲದವರಿಗೆ ನೆಲೆಯನ್ನು ಕೊಟ್ಟ ಆ ಔದಾರ್ಯ ಈ ಊರಿನ ಚರಿತ್ರೆಯ ಮೊದಲ ಪುಟದಲ್ಲಿದೆಯೆಂಬುದನ್ನು ಹೊರಗಿನಿಂದ ಬಂದವರನ್ನು ಕುರಿತ ಇಂದಿನ ವಾಗ್ವಾದಗಳ ನಡುವೆ ನಾವು ಮರೆಯಲಾಗದು.

ನಡುವೆ ಬಯಲು, ಅದರ ಸುತ್ತ ದುಂಡಗಿನ ಬೀದಿ, ಬೀದಿಯ ಅಂಚಿಗೆ ಮನೆಗಳು, ಮನೆಗಳ ಆಚೆಗೆ ತೋಟಗಳು ಮತ್ತು ಹೊಲಗಳು: ಹೀಗೆ ಊರಿನ ವಿನ್ಯಾಸ ಸಿದ್ಧವಾಯಿತು. ಎಲ್ಲ ಮನೆಗಳ ಬಾಗಿಲೂ ಒಂದೇ ಬಯಲಿನ ಕಡೆಗೆ ತೆರೆಯಬೇಕೆಂಬ ಆ ಕಲ್ಪನೆಯಲ್ಲಿ ಒಂದು ಬಗೆಯ ಬಾಂಧವ್ಯದ ಭಾವವಿದೆಯೆಂದು ನನಗೆ ತೋರುತ್ತದೆ. ಹತ್ತೊಂಬತ್ತನೆಯ ಶತಮಾನ ಮುಗಿಯುವುದರೊಳಗೆ ಅಲ್ಲೊಂದು ಇಗರ್ಜಿಯೂ ಎದ್ದಿತು. ಮೆಮೋರಿಯಲ್ ಚರ್ಚ್ ಎಂಬ ಆ ಆಲಯ ಇಂದಿಗೂ ಇದೆ. ಆದರೆ ವ್ಯವಸಾಯವೆಂಬುದು ಸಂಕಲ್ಪಮಾತ್ರದಿಂದ ಕೈಗೂಡುವ ವಿದ್ಯೆಯಲ್ಲ. ರೈಲ್ವೆ, ತಂತಿ, ಸುಂಕದ ಕಛೇರಿಗಳಲ್ಲಿ ಪಳಗಿದ ಕೈಗಳು, ಮಳೆಯನ್ನೂ ಬಾವಿಯನ್ನೂ ನೆಚ್ಚಿದ ಮೂಡಣ ಸೀಮೆಯ ಕೆಂಪು ನೆಲದಲ್ಲಿ ಎಷ್ಟು ದುಡಿದರೂ, ಪಕ್ಕದ ಹಳ್ಳಿಯ ರಾಗಿ ಹೊಲದ ಒಕ್ಕಲಿಗನಿಗೆ ಹುಟ್ಟಿನಿಂದ ಬಂದ ತಿಳಿವಳಿಕೆಯನ್ನು ಒಂದೆರಡು ತಲೆಮಾರುಗಳಲ್ಲಿ ಗಳಿಸಲಾರದೆ ಹೋದವು. ವಸಾಹತು ನೂರಿನ್ನೂರು ಜನರ ಮಿತಿಯನ್ನು ಬಹುಕಾಲ ದಾಟಲಿಲ್ಲ. ಕೃಷಿಗ್ರಾಮವಾಗಬೇಕೆಂದು ಹುಟ್ಟಿದ್ದು, ದುಡಿಮೆಯನ್ನು ಮುಗಿಸಿದವರ ವಿಶ್ರಾಂತಿಧಾಮವಾಗಿ ಪರಿಣಮಿಸಿತು. ದಂಡಿನಲ್ಲಿದ್ದ ತರುಣ ಚರ್ಚಿಲ್ ಇಲ್ಲಿಯ ವೇವರ್ಲಿ ಇನ್ ಎಂಬ ಉಪಾಹಾರಗೃಹಕ್ಕೆ ಬರುತ್ತಿದ್ದನೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಕಥೆಗಿಂತ ಊರಿನ ಕಥೆ ದೊಡ್ಡದು.

ಸ್ವಾತಂತ್ರ್ಯ ಬಂದಾಗ ಸಂವಿಧಾನವು ಈ ಸಮುದಾಯವನ್ನು ಕೈಬಿಡಲಿಲ್ಲ. ರೈಲ್ವೆ, ಸುಂಕ, ಅಂಚೆ ಮತ್ತು ತಂತಿ ಇಲಾಖೆಗಳಲ್ಲಿ ಅವರಿಗಿದ್ದ ಪಾಲನ್ನು ಎರಡೆರಡು ವರ್ಷಕ್ಕೆ ಶೇಕಡ ಹತ್ತರಂತೆ ಇಳಿಸುತ್ತ ಹತ್ತು ವರ್ಷಗಳಲ್ಲಿ ಕೊನೆಗಾಣಿಸಬೇಕೆಂದು 336ನೆಯ ವಿಧಿ ಹೇಳಿತು. ಲೋಕಸಭೆಯಲ್ಲಿಯೂ ರಾಜ್ಯಗಳ ವಿಧಾನಸಭೆಗಳಲ್ಲಿಯೂ ನಾಮಕರಣದ ಸ್ಥಾನಗಳು ದೊರೆತವು. ಆದರೂ 1960ರಲ್ಲಿ ನೌಕರಿಯ ರಕ್ಷಣೆ ಮುಗಿಯುವುದರೊಳಗೆ, ಮುಂದಿನ ದಾರಿ ಕಾಣದ ಅನೇಕ ಕುಟುಂಬಗಳು ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಕೆನಡಕ್ಕೂ ಹಡಗು ಹತ್ತಿದ್ದವು. ರಾಂಚಿಯ ಬಳಿ 1933ರಲ್ಲಿ ಇದೇ ಆಶಯದಿಂದ ಸ್ಥಾಪಿತವಾದ ಮೆಕ್ಲಸ್ಕೀಗಂಜಿನ ಗತಿಯೂ ಇದೇ. ಮಕ್ಕಳು ಹೋದರು, ಮುದುಕರು ಉಳಿದರು, ಮುದುಕರ ನಂತರ ಮನೆಗಳಿಗೆ ಬೀಗ ಬಿದ್ದಿತು. ನಾಮಕರಣದ ಸ್ಥಾನಗಳು 104ನೆಯ ತಿದ್ದುಪಡಿಯ ಪರಿಣಾಮವಾಗಿ 2020ರ ಜನವರಿಯಲ್ಲಿ ಕೊನೆಗೊಂಡವು. ಒಳವೃತ್ತದಲ್ಲಿ ಇಂದು ಆ ಸಮುದಾಯದ ಕುಟುಂಬಗಳನ್ನು ಬೆರಳಲ್ಲಿ ಎಣಿಸಬೇಕಾಗಿದೆ.

ಆದರೆ ಈ ವಸಾಹತು ಶೂನ್ಯದಲ್ಲಿ ನೆಲೆಯಾದದ್ದಲ್ಲವಷ್ಟೆ. ಅದರ ಸುತ್ತ ಕಾಡುಗೋಡಿ, ಇಮ್ಮಡಿಹಳ್ಳಿ, ಹಗದೂರು, ನಲ್ಲೂರಹಳ್ಳಿ, ಪಟ್ಟಂದೂರು, ಕುಂದಲಹಳ್ಳಿ, ವರ್ತೂರುಗಳೆಂಬ ಹಳ್ಳಿಗಳು, ಹಳ್ಳಿಗೊಂದು ಕೆರೆ, ಕೆರೆಯ ಕೆಳಗೆ ಗದ್ದೆ, ಏರಿಯ ಮೇಲೆ ದೇವತೆ, ಹೀಗೆ ಬಹು ಪುರಾತನವಾದ ಒಂದು ಬಾಳು ನಡೆದುಬಂದಿತ್ತು. ರಾಜೇಂದ್ರ ಚೋಳನ ಕಾಲದ, ಎಂದರೆ ಹನ್ನೊಂದನೆಯ ಶತಮಾನದ, ತಮಿಳು ಶಾಸನವೊಂದು ಕಾಡುಗೋಡಿಯಲ್ಲಿದೆ. ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿ ತೂಬು ಇಡಿಸಿದ ಸಂಗತಿಯನ್ನು ಅದು ಸಾರುತ್ತದೆ. ಸಾವಿರ ವರ್ಷಗಳ ಹಿಂದೆ ಈ ನೆಲದಲ್ಲಿ ಕಲ್ಲಿನ ಮೇಲೆ ಕೆತ್ತಿಸತಕ್ಕ ಪುಣ್ಯಕಾರ್ಯವೆಂದರೆ ನೀರನ್ನು ನಿಲ್ಲಿಸುವುದಾಗಿತ್ತು. ಕನ್ನಡ, ತೆಲುಗು, ತಮಿಳುಗಳನ್ನು ಒಂದೇ ಉಸಿರಿನಲ್ಲಿ ಆಡಬಲ್ಲ ಈ ಹಳ್ಳಿಗರು ರಾಗಿ, ಅವರೆ, ಸೊಪ್ಪು, ಹೂವುಗಳನ್ನು ಬೆಳೆದು ಬೆಂಗಳೂರಿನ ಪೇಟೆಗಳಿಗೆ ಒಯ್ಯುತ್ತಿದ್ದರು. ಒಳವೃತ್ತದ ಬಂಗಲೆಗಳಲ್ಲಿ ತೋಟದ ಕೆಲಸಕ್ಕೂ ಅಡುಗೆಯ ಕೆಲಸಕ್ಕೂ ಹೋಗುತ್ತಿದ್ದವರು ಈ ಹಳ್ಳಿಗಳವರೇ. ವಸಾಹತಿನ ಚರಿತ್ರೆಯನ್ನು ಬರೆದವರು ಇವರನ್ನು ಹೆಸರಿಸಿದ್ದು ಬಹಳ ಕಡಮೆ.

1960ರ ದಶಕದಲ್ಲಿ ಕಾಡುಗೋಡಿಯಲ್ಲಿ ಸತ್ಯ ಸಾಯಿಬಾಬಾ ಅವರ ಬೃಂದಾವನ ಆಶ್ರಮವು ನೆಲೆಗೊಂಡು ದೇಶವಿದೇಶಗಳ ಭಕ್ತರನ್ನು ಕರೆತಂದಿತು. ಮುಂದೆ 2001ರಲ್ಲಿ ಆರಂಭವಾದ ಅವರ ಆಸ್ಪತ್ರೆ ಹಣವಿಲ್ಲದ ಹೃದ್ರೋಗಿಗಳಿಗೆ ದೊಡ್ಡ ಆಸರೆಯಾಯಿತು. ಇವು ಊರಿನ ಮುಖವನ್ನು ತಿದ್ದಿದವೇ ಹೊರತು ಕೆಡಿಸಲಿಲ್ಲ. ನಿಜವಾದ ಪಲ್ಲಟ 1990ರ ದಶಕದ್ದು. ರಫ್ತು ಉತ್ತೇಜನ ಕೈಗಾರಿಕಾ ಪ್ರದೇಶಕ್ಕಾಗಿ ಹೊಲಗಳನ್ನು ವಶಪಡಿಸಿಕೊಂಡು, ಕರ್ನಾಟಕ ಸರ್ಕಾರ, ಟಾಟಾ ಸಂಸ್ಥೆ ಮತ್ತು ಸಿಂಗಪುರದ ಉದ್ಯಮಿಗಳ ಕೂಟ ಒಂದಾಗಿ, ಐಟಿಪಿಎಲ್ ಎಂದು ಜನರು ಕರೆಯುವ ತಂತ್ರಜ್ಞಾನ ನಗರಿಯನ್ನು ಆ ಚೋಳರ ಕಾಲದ ಕೆರೆಯ ಪಟ್ಟಂದೂರಿನಲ್ಲಿಯೇ ಎಬ್ಬಿಸಿದರು. ತನ್ನ ವಿದ್ಯುತ್ತನ್ನು ತಾನೇ ಉತ್ಪಾದಿಸಿಕೊಂಡು ಕೋಟೆಯಂತೆ ನಿಂತ ಆ ಆವರಣದ ಮಾದರಿಯನ್ನೇ ಆಮೇಲೆ ಬಂದ ವಸತಿಸಮುಚ್ಚಯಗಳೂ ಹಿಡಿದವು. ಒಳಗೆ ಉದ್ಯಾನ, ಈಜುಕೊಳ, ಕಾವಲು, ಬೆಳಕು. ಗೇಟಿನ ಹೊರಗೆ ಕಾಲ್ದಾರಿಯಿಲ್ಲದ ರಸ್ತೆ, ತೆರೆದ ಮೋರಿ, ಕಸದ ರಾಶಿ. ಎಲ್ಲರ ಬಾಗಿಲೂ ಒಂದೇ ಬಯಲಿಗೆ ತೆರೆಯುತ್ತಿದ್ದ ಊರಿನ ಸುತ್ತಲೂ, ಬಯಲಿಗೆ ಬೆನ್ನುಹಾಕಿ ಕುಳಿತ ನೂರಾರು ಸಣ್ಣ ಊರುಗಳು ಹುಟ್ಟಿಕೊಂಡವು.

ಜಮೀನಿನ ಬೆಲೆ ಏರಿದ ಕಡೆ ಊರು ಇಳಿದಿದೆಯೆಂದರೆ ಕೆಲವರು ಒಪ್ಪಲಾರರು. ಅವರು ವರ್ತೂರು ಕೆರೆಯ ಕೋಡಿಯ ಬಳಿ ಒಮ್ಮೆ ನಿಲ್ಲಲಿ. 400 ಎಕರೆಗೂ ಮಿಕ್ಕ ಆ ಕೆರೆಗೆ ಮೇಲಿನ ಬೆಳ್ಳಂದೂರು ಕೆರೆಯ ಮೂಲಕ ಮಹಾನಗರದ ಕೊಳೆನೀರು ವರ್ಷಾನುವರ್ಷ ಹರಿದು ಬಂದು, ಸಾಬೂನಿನ ರಾಸಾಯನಿಕಗಳಿಂದ ಎದ್ದ ನೊರೆ 2015ರ ಸುಮಾರಿಗೆ ಕೋಡಿಯನ್ನು ಮೀರಿ, ರಸ್ತೆಗೆ ಹಾರಿ, ದ್ವಿಚಕ್ರದ ಸವಾರರ ಮೈಗೆ ಅಂಟುತ್ತಿದ್ದುದನ್ನು ಲೋಕವೆಲ್ಲ ಚಿತ್ರಗಳಲ್ಲಿ ನೋಡಿತು. ಚನ್ನರಾಯಸ್ವಾಮಿಯ ರಥವನ್ನು ಎಳೆಯುವ ವರ್ತೂರಿನವರಿಗೆ ಆ ಕೆರೆ ಮೀನನ್ನೂ ಮೇವನ್ನೂ ಗದ್ದೆಗೆ ನೀರನ್ನೂ ಕೊಟ್ಟಿತ್ತು. ಕೆರೆಗಳು ಹಾಳಾದ ಮೇಲೆ ಬೋರ್‌ವೆಲ್ಲು, ಬೋರ್‌ವೆಲ್ಲು ಬತ್ತಿದ ಮೇಲೆ ಟ್ಯಾಂಕರು. 2024ರ ಬೇಸಗೆಯಲ್ಲಿ ಕೋಟ್ಯಂತರ ರೂಪಾಯಿಯ ಮನೆಗಳವರೂ ಟ್ಯಾಂಕರಿನ ದಾರಿ ಕಾದರು. ಆ ವರ್ಷದ ಅಕ್ಟೋಬರಿನಲ್ಲಿ ಕಾವೇರಿಯ ಐದನೆಯ ಹಂತ ಆರಂಭವಾಗಿ, ನಗರಕ್ಕೆ ಸೇರಿಸಿದ್ದ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಯೋಜನೆ ಕೈಗೂಡಿತು. ಹಳ್ಳಿಗಳನ್ನು ನಗರಕ್ಕೆ ಸೇರಿಸಿದ್ದು 2007ರಲ್ಲಿ ಎಂಬುದನ್ನು ಓದುಗರು ಗಮನಿಸಬೇಕು.

ಇಂದಿನ ನಿವಾಸಿಗಳಾರು? ಭೂಮಿ ಮಾರಿದ ಅಥವಾ ಕಳೆದುಕೊಂಡ ಹಳ್ಳಿಗರಲ್ಲಿ ಕೆಲವರು ಗ್ರಾಮಠಾಣದ ಕಿರುಗಲ್ಲಿಗಳಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿಸಿ, ಪಿಜಿಗಳನ್ನು ನಡೆಸಿ, ಬಾಡಿಗೆಯಲ್ಲಿ ಬಾಳುತ್ತಿದ್ದಾರೆ. ಹೊಲವೇ ಇರದಿದ್ದ ಕೂಲಿಯವರ ಮಕ್ಕಳು ಕಾವಲುಗಾರರೂ ಚಾಲಕರೂ ಆಗಿದ್ದಾರೆ. ಸಮುಚ್ಚಯಗಳಲ್ಲಿ ಭಾರತದ ಎಲ್ಲ ಪ್ರಾಂತಗಳ ವಿದ್ಯಾವಂತರಿದ್ದಾರೆ. ಖಾಲಿ ನಿವೇಶನಗಳ ತಗಡಿನ ಶೆಡ್ಡುಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬಂದ ಕಟ್ಟಡದ ಕೂಲಿಗಳೂ, ಬಂಗಾಳ, ಅಸ್ಸಾಂ, ಒಡಿಶಾ, ಬಿಹಾರಗಳಿಂದ ಬಂದವರೂ ಇದ್ದಾರೆ. ಮೇಲಿನ ಮನೆಗಳನ್ನು ಕಟ್ಟಿದವರು, ಗುಡಿಸುವವರು, ಅವುಗಳ ಕಸವನ್ನು ವಿಂಗಡಿಸುವವರು ಇವರೇ. ಸಂಜೆಯ ಅಂಗಡಿಸಾಲಿನಲ್ಲಿ ಹಿಂದಿಯೂ ಬಂಗಾಳಿಯೂ ತೆಲುಗೂ ಕೇಳಿಬಂದಷ್ಟು ಕನ್ನಡ ಕೇಳಿಬರದೆಂಬ ಕೊರಗು ಸಕಾರಣವಾದದ್ದು, ನನಗೂ ಇರುವಂಥದು. ಆದರೆ ಆ ಕೊರಗನ್ನು ಶೆಡ್ಡಿನ ಬಡವನ ಮೇಲೆ ತೀರಿಸಿಕೊಳ್ಳುವುದು ಅನ್ಯಾಯ. ಮಾತು ಕಲಿಯುವುದಕ್ಕೆ ನೆರೆಹೊರೆ ಬೇಕು, ಕೂಡಿ ನಿಲ್ಲುವ ಕಟ್ಟೆ ಬೇಕು, ಮಕ್ಕಳೆಲ್ಲ ಒಟ್ಟಿಗೆ ಓದುವ ಶಾಲೆ ಬೇಕು. ಗೇಟುಗಳ ನಡುವಿನ ರಸ್ತೆಯಲ್ಲಿ ಯಾರು ಯಾರಿಗೆ ಕನ್ನಡ ಕಲಿಸಬೇಕು? ಈ ಊರಿನ ಕ್ಷೀಣದೆಶೆಗೆ ಕಾರಣ ಬಂದವರ ಸಂಖ್ಯೆಯಲ್ಲಿಲ್ಲ. ಬಂದವರೂ ಇದ್ದವರೂ ಸಮಾನವಾಗಿ ತಮ್ಮದೆನ್ನಬಹುದಾದ ಜಾಗವೊಂದನ್ನೂ ಆಡಳಿತ ಕಟ್ಟಿಕೊಡಲಿಲ್ಲವೆಂಬುದರಲ್ಲಿದೆ.

ಆ ಆಡಳಿತದಲ್ಲಿ ಊರಿನವರ ಧ್ವನಿಯೂ ಅಡಗಿತು. ಪಂಚಾಯಿತಿಗಳು ಹೋಗಿ ಮಹದೇವಪುರದ ನಗರಸಭೆ ಬಂದಿತು. ಅದೂ ಹೋಗಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಬಂದಿತು. ಆ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ತೀರಿತು. 2025ರ ಸೆಪ್ಟೆಂಬರಿನಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ವಿಂಗಡಿಸಿ ವೈಟ್‌ಫೀಲ್ಡನ್ನು ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿಸಿದಾಗ, ಮೋರಿಯ ದೂರು ಹೇಳಿಕೊಳ್ಳುವುದಕ್ಕೆ ತಮ್ಮ ಮತದಿಂದ ಆರಿಸಿದ ವಾರ್ಡಿನ ಸದಸ್ಯನೊಬ್ಬ ಇಲ್ಲಿಯವರಿಗೆ ಇಲ್ಲದೆ ಐದು ವರ್ಷಗಳು ಕಳೆದಿದ್ದವು.

ಹೊಸ ಪಾಲಿಕೆಯಲ್ಲಿ ನನ್ನದೊಂದು ಬಿನ್ನಹ. ಎರಡು ವೃತ್ತಗಳಲ್ಲಿ ಉಳಿದಿರುವ ಹಳೆಯ ಮನೆಗಳ ಪಟ್ಟಿಯನ್ನು, ಇನ್ನೊಂದನ್ನು ಕೆಡವುವ ಮೊದಲು, ಸಿದ್ಧಪಡಿಸಿ, ಅವನ್ನು ಉಳಿಸಿಕೊಳ್ಳುವ ಒಡೆಯರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡಲಿ. ನಡುವಿನ ಬಯಲನ್ನು ಯಾರಿಗೂ ಬಿಟ್ಟುಕೊಡದೆ ಎಲ್ಲರಿಗೂ ತೆರೆದಿಡಲಿ. ಪಟ್ಟಂದೂರು ಕೆರೆಯ ಎಲ್ಲೆಗೆ ಕಲ್ಲು ನೆಡಿಸಿ, ಕಾಡುಗೋಡಿಯ ಶಾಸನದ ಕನ್ನಡ ಅನುವಾದವನ್ನು ಕೆರೆಯ ಏರಿಯ ಮೇಲೆ ನಿಲ್ಲಿಸಲಿ. ಗಾಜು ಹೊದ್ದ ಆ ಕಛೇರಿಗಳಲ್ಲಿ ದುಡಿಯುವ ಓದುಗರು ಯಾರಾದರೂ ಇದ್ದರೆ, ಒಂದು ಭಾನುವಾರದ ಮುಂಜಾನೆ ಹೋಪ್ ಫಾರ್ಮಿನಲ್ಲಿ ಇಳಿದು ಒಳವೃತ್ತದವರೆಗೆ ನಡೆದು ಹೋಗಿ, ಅದನ್ನೊಮ್ಮೆ ಸುತ್ತಿ ಬರಬೇಕೆಂದು ಕೇಳಿಕೊಳ್ಳುತ್ತೇನೆ. ಹೆಚ್ಚು ಹೊತ್ತು ಹಿಡಿಯುವುದಿಲ್ಲ.