ಯಾರ ಕಣ್ಣಿಗೆ ಹೆದರಿ ಬರೆಯುತ್ತೇವೆ?

ಭಯ ಎಲ್ಲ ಕಲಾವಿದರಿಗೂ ಇದ್ದದ್ದೇ ಎಂದು ನಮ್ಮ ವಿಮರ್ಶಕರು ಹೇಳ್ತಾರೆ. ಒಪ್ಪೋಣ. ಆದರೆ ಕೇರಿಯಿಂದ ಬಂದು ಪೆನ್ನು ಹಿಡಿದವರನ್ನು 'ನನಗೆ ಬರೆಯೋಕೆ ಬರುತ್ತಾ?' ಎಂಬ ಪ್ರಶ್ನೆಗಿಂತ 'ಇದನ್ನು ಬರೆಯಬಹುದಾ?' ಎಂಬುದೇ ಹೆಚ್ಚು ಕಾಡುತ್ತದೆ. ಈ ಭಯಕ್ಕೆ ಮೂರು ಮುಖಗಳಿವೆ.

ಮೊದಲನೆಯದು ಭಾಷೆಯದು. ಎಂ.ಎ. ಓದುವಾಗ ಅವ್ವನ ಬಗ್ಗೆ ಒಂದು ಕತೆ ಬರೆದೆ. ಅವ್ವನ 'ಇಟ್ಟಿಕ್ತೀನಿ, ಉಣ್ಬಾ ಮಗ' ಎಂಬ ಮಾತನ್ನು 'ಊಟ ಬಡಿಸುತ್ತೇನೆ, ಬಾ ಮಗನೆ' ಎಂದು ತಿದ್ದಿದೆ. ತಿದ್ದು ಅಂತ ಯಾರೂ ಹೇಳಿರಲಿಲ್ಲ. ಅಚ್ಚಾದ ಮೇಲೆ ಅವ್ವನಿಗೆ ಓದಿ ಹೇಳಿದರೆ, 'ಯಾರ್ಲಾ ಮಗ ಈವಮ್ಮ?' ಅಂದಳು. ದೇವನೂರ ಮಹಾದೇವ ಅವರು 'ಕುಸುಮಬಾಲೆ'ಯನ್ನು ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಬರೆದರು. ಅರ್ಥವಾಗಲ್ಲ ಎಂದವರಿದ್ದರು, 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೆ ಪ್ರಶಸ್ತಿಗಿಂತ ಮುಖ್ಯವಾದ ಸಂಗತಿ ಬೇರೆ. ಮನೆಮನೆಯ ದೀಪಗಳು ಜೋತಮ್ಮಂದಿರಾಗಿ ಕೂಡಿ ಸುಖದುಃಖ ಮಾತಾಡುವ ಲೋಕವನ್ನು ಶಿಷ್ಟ ಕನ್ನಡ ಕಟ್ಟಿಕೊಡಲಾರದು.

ಎರಡನೆಯದು ಮನೆಯವರ ಭಯ. ಹಸಿವು, ಕುಡಿತ, ಅವಮಾನಗಳನ್ನು ಬರೆದರೆ 'ನಮ್ಮ ಮಾನ ಯಾಕೆ ಬೀದಿಗೆ ಹಾಕ್ತೀಯ?' ಎಂದು ನಮ್ಮವರೇ ಕೇಳ್ತಾರೆ. ಆ ಮಾತಲ್ಲೂ ನೋವಿದೆ, ತಳ್ಳಿಹಾಕುವಂತಿಲ್ಲ. ದಯಾ ಪವಾರರ ಮರಾಠಿ ಆತ್ಮಕಥೆ 'ಬಲುತ'ದಲ್ಲಿ (1978) ಹಳೆಯ ಹೆಸರಿನ ದಗಡು ತನ್ನ ಕತೆಯನ್ನು ಲೇಖಕನಾದ ದಯಾನಿಗೆ ಹೇಳುತ್ತಾನೆ. ಇಬ್ಬರೂ ಒಬ್ಬರೇ. ಹೇಳುವ ಒತ್ತಡ, ಬಚ್ಚಿಡುವ ಆಸೆ ಎರಡಕ್ಕೂ ಆ ರಚನೆಯಲ್ಲಿ ಜಾಗ ಸಿಕ್ಕಿದೆ ಎಂದು ನನಗನಿಸುತ್ತದೆ.

ಮೂರನೆಯದು ಮರುಕದ ಭಯ. 'ಅಯ್ಯೋ ಪಾಪ' ಎನ್ನುವ ಓದುಗ ಎದುರಿಗಿದ್ದರೆ, ಅವನಿಗೆ ಬೇಕಾದಷ್ಟು ನೋವನ್ನು ಅಳೆದು ಕೊಡುವ ಚಾಳಿ ನಮಗೂ ಅಂಟುತ್ತದೆ. ಸಿದ್ಧಲಿಂಗಯ್ಯನವರು 'ಊರುಕೇರಿ'ಯಲ್ಲಿ ಇದಕ್ಕೆ ನಗುವಿನಿಂದ ಉತ್ತರ ಕೊಟ್ಟರು. ಮರುಗಲು ಬಂದವನು ಮೊದಲು ನಗುತ್ತಾನೆ, ಆಮೇಲೆ ತಾನು ನಕ್ಕದ್ದು ಯಾತಕ್ಕೆ ಎಂದು ಯೋಚಿಸಬೇಕಾಗುತ್ತದೆ.

ಹಾಗಾದರೆ ದಲಿತ ವಿಮರ್ಶೆ ಏನು ಮಾಡಬೇಕು? ಅನುಭವ ಅಧಿಕೃತವೋ ಅಲ್ಲವೋ ಎಂದು ತೀರ್ಪು ಕೊಡುವ ಮೊದಲು, ಬರಹದಲ್ಲಿ ಯಾವ ಮಾತು ತಿದ್ದಿಸಿಕೊಂಡಿದೆ, ಯಾರ ಕಣ್ಣಿಗೆ ಹೆದರಿ ತಿದ್ದಲಾಗಿದೆ ಎಂದು ಹುಡುಕಬೇಕು. ಹೊಸದಾಗಿ ಬರೆಯುವ ಗೆಳೆಯ ಗೆಳತಿಯರಿಗೂ ಇಷ್ಟೇ ಹೇಳಬಲ್ಲೆ. ಭಯ ಹೋಗಲಿ ಎಂದು ಕಾಯಬೇಡಿ. ಹೊಡೆದುಹಾಕಿದ ಸಾಲನ್ನು ಎಸೆಯದೆ ಇಟ್ಟುಕೊಳ್ಳಿ, ಮನೆಯಲ್ಲಿ ಗಟ್ಟಿಯಾಗಿ ಓದಿ. ನಾನು ಆ ಕತೆಯನ್ನು ಈಗ ಮತ್ತೆ ಬರೀತಾ ಇದ್ದೇನೆ.