ಕಾಣದ ಗುರಿ

ಬೆಳಗಾವಿಯಿಂದ ಖಾನಾಪುರಕ್ಕೆ ರಸ್ತೆಯಲ್ಲಿ ಸುಮಾರು 26 ಕಿಲೋಮೀಟರು. ಬಸ್ಸು ಮಲಪ್ರಭೆಯ ದಂಡೆಯ ಆ ಊರನ್ನು ಮುಟ್ಟುವಷ್ಟರಲ್ಲಿ ಪ್ರಯಾಣಿಕನ ಒಂದು ಸಣ್ಣ ನಿದ್ದೆ ಮುಗಿದಿರುತ್ತದೆ. ನಮ್ಮ ಸೇನೆಯ ಕೆ-9 ವಜ್ರ ಫಿರಂಗಿಗೆ ಈ ದೂರ ಒಂದು ದೂರವೇ ಅಲ್ಲ. ಅದರ ಗುಂಡು 38 ಕಿಲೋಮೀಟರಿನಷ್ಟು ಹೋಗಬಲ್ಲದು. ಖಾನಾಪುರವಿರಲಿ, ಭೀಮಗಡದ ಕಾಡೂ ಅದರ ಎಟುಕಿನೊಳಗೇ.

ವಜ್ರವು ಹೊವಿಟ್ಜರ್ ಜಾತಿಯದು. ಟ್ಯಾಂಕಿನಂತೆ ಎದುರಾಳಿಯ ಮುಖಕ್ಕೆ ನೇರವಾಗಿ ಹೊಡೆಯುವುದು ಅದರ ಧರ್ಮವಲ್ಲ. ಗುಂಡನ್ನು ಆಕಾಶಕ್ಕೇರಿಸಿ ಬೆಟ್ಟದಾಚೆಗೆ ಇಳಿಸುವುದು ಅದರ ಕಸುಬು. ದಕ್ಷಿಣ ಕೊರಿಯದ ಮೂಲದ ಈ ಯಂತ್ರವನ್ನು ನಮ್ಮಲ್ಲಿ ಗುಜರಾತಿನ ಹಜೀರಾದಲ್ಲಿ ಕಟ್ಟುತ್ತಾರೆ. 2017ರಲ್ಲಿ ಕೊಂಡುಕೊಂಡ 100 ಫಿರಂಗಿಗಳಲ್ಲಿ ಕೊನೆಯದು 2021ರಲ್ಲಿ ಸೇನೆಗೆ ಸಂದಿತು. 2024ರ ಡಿಸೆಂಬರಿನಲ್ಲಿ ಮತ್ತಷ್ಟಕ್ಕೆ ಒಪ್ಪಂದವಾಯಿತು. ಒಳಗೆ ಐವರು ಕುಳಿತಿರುತ್ತಾರೆ. ಗುಂಡಿನ ತೂಕ ಸುಮಾರು 43 ಕಿಲೋ. ಆ ಐವರಿಗೆ ಗುರಿ ಕಾಣುವುದೇ ಇಲ್ಲ. ಎಲ್ಲೋ ಮುಂದೆ ಅಡಗಿರುವ ವೀಕ್ಷಕನು ನೋಡಿ ತಿಳಿಸುತ್ತಾನೆ. ಇಲ್ಲಿ ಗಾಳಿಯ ವೇಗ, ಹವೆಯ ಬಿಸಿ, ಮದ್ದಿನ ಬಿಸಿ, ಕಡೆಗೆ ಭೂಮಿಯ ತಿರುಗಾಟವೂ ಲೆಕ್ಕಕ್ಕೆ ಬರುತ್ತವೆ. ಗುಂಡು ಒಂದು ನಿಮಿಷಕ್ಕೂ ಮೇಲೆ ಹಾರಿ ಬೀಳುತ್ತದೆ. ಬಿದ್ದದ್ದು ಎಲ್ಲಿ ಎಂಬುದನ್ನೂ ವೀಕ್ಷಕನೇ ಹೇಳಬೇಕು.

ಇಂಥ ಯಂತ್ರವನ್ನು ನನ್ನ ಅಕ್ಕನ ಮಗ ಬೆಳಗಾವಿಯ ಮನೆಯ ಮಹಡಿಯಲ್ಲಿ ಕುಳಿತು ಓಡಿಸುತ್ತಾನೆ. ಅವನ ಕಂಪ್ಯೂಟರಿನ ಆಟದ ಹೆಸರು ವಾರ್ ಥಂಡರ್. ಅವನ ಕೈಯಲ್ಲಿರುವುದು ವಜ್ರದ ಸೋದರನೇ. ನಾರ್ವೆ ದೇಶದವರು ಕೊಂಡು ವಿಡಾರ್ ಎಂದು ಹೆಸರಿಟ್ಟದ್ದು. ಆದರೆ ಆಟದ ರಂಗ ಬಹಳ ಚಿಕ್ಕದು. ಅಲ್ಲಿ ಹೊವಿಟ್ಜರು ಬೀದಿಯ ತಿರುವಿನಲ್ಲಿ ಕಳ್ಳನಂತೆ ಹೊಂಚಿ, ಎದುರಿಗೆ ಬಂದ ಟ್ಯಾಂಕಿಗೆ ಕಣ್ಣಾರೆ ಕಂಡು ಹೊಡೆಯುತ್ತದೆ. ಗುಂಡಿನ ಸ್ಫೋಟವೊಂದೇ ಶತ್ರುವಿನ ತೆಳು ಚಾವಣಿಯನ್ನು ಒಡೆಯಲು ಸಾಕು. ತನ್ನ ಕವಚವೋ ಸಿಡಿಚೂರುಗಳನ್ನು ತಡೆಯುವಷ್ಟೇ ಗಟ್ಟಿ. ಆದ್ದರಿಂದ ಹೊಡೆದೊಡನೆ ಹಿಂದೆ ಸರಿಯಬೇಕು. ಈ ಸರಿಯುವ ಪಾಠವೊಂದನ್ನು ಮಾತ್ರ ಆಟ ಸರಿಯಾಗಿ ಕಲಿಸುತ್ತದೆಯೆನ್ನಬಹುದು. ನಿಜದ ರಣದಲ್ಲಿಯೂ ಶತ್ರುವಿನ ರಾಡಾರು ಗುಂಡಿನ ಹಾದಿಯನ್ನು ಹಿಡಿದು ಫಿರಂಗಿಯ ನೆಲೆಯನ್ನು ಕಂಡುಹಿಡಿಯುತ್ತದೆ. ಅಷ್ಟರೊಳಗೆ ಜಾಗ ಬಿಟ್ಟಿರಬೇಕು.

ಆಟವನ್ನು ಹಳಿಯುವುದು ನಮ್ಮಂಥ ಮಾಸ್ತರರಿಗೆ ಸುಲಭ. ನನಗೋ ಬೇರೆಯೇ ಒಂದು ಸಂಶಯ ಹುಟ್ಟಿತು. ಆಟದಲ್ಲಿ ಹುಡುಗ ತಾನು ಹೊಡೆದದ್ದನ್ನು ನೋಡುತ್ತಾನೆ. ಉರಿಯುವ ಟ್ಯಾಂಕು ಅವನೆದುರಿಗೇ ಇರುತ್ತದೆ. ನಿಜದ ಗೋಲಂದಾಜನಿಗೆ ಉಳಿಯುವುದು ಅಂಕಿಗಳು ಮಾತ್ರ. ಹಾಗಿದ್ದರೆ ಯುದ್ಧವನ್ನು ಮರೆಮಾಡುತ್ತಿರುವುದು ಆಟವೋ, ದೂರವೋ? ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿಗೆ ಸೈನಿಕನ ಮುಖ ಹೊಸದಲ್ಲ. ರೈಲು ನಿಲ್ದಾಣದಲ್ಲಿ ಟ್ರಂಕು ಹೊತ್ತು ನಿಂತ ಹುಡುಗರನ್ನು ನಾವೆಲ್ಲ ಕಂಡವರೇ. ಗುಂಡು ಬೀಳುವ ತುದಿಯಲ್ಲಿರುವವರ ಮುಖ ಮಾತ್ರ ನಮಗೆ ಗೊತ್ತಿಲ್ಲ.

ಇದನ್ನು ಹೇಗೆ ಹೇಳಲಿ ಎಂದು ತೋಚದೆ, ವಜ್ರದ ಗುಂಡು ಎಷ್ಟು ದೂರ ಹೋಗುತ್ತದೆಂಬುದನ್ನಷ್ಟೇ ಹುಡುಗನಿಗೆ ಹೇಳಿದೆ. ಅವನು ಆಟವನ್ನು ನಿಲ್ಲಿಸಿ ಜಿಲ್ಲೆಯ ಭೂಪಟವನ್ನು ತೆಗೆದ. ನಮ್ಮ ಓಣಿಯ ಮೇಲೆ ಕೈವಾರದ ಮೊನೆಯನ್ನೂರಿ, 38 ಕಿಲೋಮೀಟರಿಗೆ ಒಂದು ಸುತ್ತು ಎಳೆದ. ಖಾನಾಪುರ ಗೆರೆಗಿಂತ ಬಹಳ ಈಚೆಗೆ ಉಳಿಯಿತು. ಸ್ವಲ್ಪ ಹೊತ್ತು ಅದನ್ನೇ ನೋಡಿದ.

"ಅಜ್ಜಿ ಮನಿ ಒಳಗs ಬರ್ತದಲ್ಲ, ಮಾಮಾ" ಎಂದ.